ಅಡಿಕೆ ಸುಲಿದ ಹೆಡ್ ಕಾನ್‌ಸ್ಟೆಬಲ್

ಸಂಕ್ರಾಂತಿಗೆ ಮೂರು ದಿನ ಮೊದಲು, ಹೇರೂರಿನಲ್ಲಿ ನಾವು ಹನ್ನೊಂದು ಹೆಂಗಸರು ಅಡಿಕೆ ಸುಲಿಯುತ್ತಿದ್ದೆವು. ಖಾಕಿ ತೊಟ್ಟ ಹೆಂಗಸೊಬ್ಬಳು ಬಂದು, ಬೂಟು ಹೊರಗೆ ಬಿಚ್ಚಿಟ್ಟು, "ವೆಂಕಮ್ಮ ಯಾರ್ರಿ?" ಎಂದಳು. ನಾನೇ ಎಂದೆ. ಆಕೆ ನೀಲಗಂಗವ್ವ, ಸೈಬರ್ ಠಾಣೆಯ ಹೆಡ್ ಕಾನ್‌ಸ್ಟೆಬಲ್.

"ಅಜ್ಜಿ, ನಿಮ್ಮ ಹೆಸರಿನ್ಯಾಗ ಎರಡು ಸಿಮ್ ಅದಾವ. ಒಂದರಿಂದ ಯಾರೋ ತಾವು ಪೊಲೀಸ್ ಅಂತ ಹೇಳಿ ಮಾಸ್ತರೊಬ್ಬರನ್ನ ಹೆದರಿಸ್ಯಾರ."

ಪಕ್ಕದಲ್ಲಿದ್ದ ಬಂಗಾರಿ ನಕ್ಕಳು. "ಇವಳಾ? ಮೊಮ್ಮಗಳಿಗೆ ಫೋನ್ ಹಚ್ಚೂಕೇ ಬರೂದಿಲ್ಲ, ಪೊಲೀಸ್ ಆಗ್ತಾಳಂತೆ!"

ನನಗೆ ನಗು ಬರಲಿಲ್ಲ. ನಾನು ಕೊಂಡದ್ದು ಒಂದೇ ಸಿಮ್. ಸಿದ್ದಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಕೊಡೆ ಹಾಕಿ ಕೂತು ಸಿಮ್ ಮಾರುವ ಪ್ರಮೋದ, ನನ್ನ ಮೈದುನನ ಮಗ, ಕೊಟ್ಟಿದ್ದ. ಹೆಬ್ಬೆಟ್ಟು ಒತ್ತಿದ ಮೇಲೆ "ಬರಲಿಲ್ಲ ದೊಡ್ಡಮ್ಮ, ಮತ್ತೆ ಒತ್ತು" ಎಂದಿದ್ದ. ಒತ್ತಿದ್ದೆ.

ಗೊತ್ತಿಲ್ಲದೆ ಯಾರಾದರೂ ಎರಡು ಸಲ ಒತ್ತುತ್ತಾರೆಯೇ, ಮುದುಕಿಗೂ ಇದರಲ್ಲಿ ಕೈ ಇದೆ ಎಂದು ಠಾಣೆಯ ಮೇಲಿನವರು ಹೇಳುತ್ತಿದ್ದರಂತೆ. ಹಾಗಾದರೆ ನಾನೂ ಆರೋಪಿ.

"ಎರಡು ಸಲವಾ?" ಎಂದಳು ಬಂಗಾರಿ. "ರೇಷನ್ ಅಂಗಡೀಲಿ ನಂದು ಆರು ಸಲ ಒತ್ತಿಸ್ತಾರೆ!" ಹಸಿ ಅಡಿಕೆಯ ಚೊಗರಿಗೆ ಬೆರಳು ಕಪ್ಪಾಗಿ ಗೆರೆ ಸವೆಯುತ್ತದೆ. ಮತ್ತೆ ಒತ್ತು ಎಂದರೆ ನಾವು ಯಾರೂ ಯಾಕೆಂದು ಕೇಳುವುದಿಲ್ಲ.

ನೀಲಗಂಗವ್ವ ಬನವಾಸಿ ಕಡೆಯ ಒಕ್ಕಲು ಮನೆಯವಳು. ಪೊಲೀಸ್ ಕೆಲಸಕ್ಕೆ ಸೇರಿ ಹದಿನಾರು ವರ್ಷ. ಮೊದಲ ಹತ್ತು ವರ್ಷ ಬಂದೋಬಸ್ತಿನಲ್ಲಿ ನಿಂತೇ ಕಳೆದಳಂತೆ. ಸರ್ಕಾರ ಸೈಬರ್ ತರಬೇತಿಗೆ ಜನ ಬೇಕೆಂದಾಗ ಹೆಸರು ಕೊಟ್ಟಳು. "ಕೂಡಾಕ ಕುರ್ಚಿ ಸಿಗತೈತಿ ಅಂತ ಹೋದೆ ಅಜ್ಜಿ, ಬ್ಯಾರೆ ಏನಿಲ್ಲ" ಎಂದಳು.

ನಾವು ಹೇಳಿದ್ದನ್ನು ಆಕೆ ಅಂದು ಬರೆದುಕೊಳ್ಳಲಿಲ್ಲ. ಮರುದಿನ ರಜೆ ಹಾಕಿ, ಹಳೆ ಸೀರೆ ಉಟ್ಟು ಬಂದು, ನನ್ನ ಪಕ್ಕದಲ್ಲೇ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯಲು ಕೂತಳು. ಐದು ದಿನ ಸುಲಿದಳು. "ನಿನ್ನ ಕೂಲೀಲಿ ಚಾಪುಡಿನೂ ಬರೂದಿಲ್ಲ ಮಾರಾಯ್ತಿ" ಎಂದು ಬಂಗಾರಿ ದಿನವೂ ಅಣಕಿಸಿದಳು. ಆರನೆಯ ದಿನ ಠಾಣೆಯ ಹಾಜರಿ ಯಂತ್ರ ಆಕೆಯ ಹೆಬ್ಬೆಟ್ಟನ್ನು ನಾಲ್ಕು ಸಲವೂ ಒಪ್ಪಲಿಲ್ಲ. ಅದನ್ನೇ ದಿನ, ಗಂಟೆ ಸಮೇತ ವರದಿಯಲ್ಲಿ ಬರೆದಳು. ಪ್ರಮೋದನ ಯಂತ್ರದಲ್ಲಿ ನನ್ನ ಹೆಬ್ಬೆಟ್ಟು ಮೊದಲ ಸಲವೇ ಬಂದಿತ್ತು ಎನ್ನುವ ದಾಖಲೆಯನ್ನೂ ತರಿಸಿದಳು. ಅವನು ಹೇಳಿದ್ದು ಸುಳ್ಳು, ಎರಡನೆಯ ಸಲ ಒತ್ತಿಸಿದ್ದು ಇನ್ನೊಂದು ಸಿಮ್ ತೆಗೆಯಲು ಎಂದು ಗೊತ್ತಾಯಿತು. ನಾನು ಸಾಕ್ಷಿಯಾದೆ.

ಯಾರ ಹೆಸರಿನಲ್ಲಿ ಎಷ್ಟು ನಂಬರು ಇವೆ ಎಂದು ನೋಡಲು ಸರ್ಕಾರ ದಾರಿ ಮಾಡಿದೆಯಂತೆ. ಹನ್ನೊಂದು ಜನರದ್ದನ್ನೂ ಆಕೆ ಫೋನಿನಲ್ಲೇ ನೋಡಿದಳು. ನನ್ನನ್ನೂ ಸೇರಿ ಏಳು ಜನರ ಹೆಸರಿನಲ್ಲಿ ನಮಗೇ ಗೊತ್ತಿಲ್ಲದ ನಂಬರುಗಳಿದ್ದವು. ಎಲ್ಲವನ್ನೂ ಬಂದ್ ಮಾಡಿಸಿದಳು. ಆದರೆ ಕೋರ್ಟು ಎಂದಾಗ ಆರು ಜನ ಹಿಂದೆ ಸರಿದರು. ನಾನೊಬ್ಬಳೇ ಉಳಿದೆ.

ಚೌತಿ ಕಳೆದ ಮೇಲೆ ಆಕೆ ಕೊನೆಯ ಸಲ ಮನೆಗೆ ಬಂದಳು. ಆಕೆಗೆ ಬೇರೆ ಊರಿಗೆ ವರ್ಗವಾಗಿತ್ತು. ಪ್ರಮೋದ ಜಾಮೀನಿನ ಮೇಲೆ ಬಂದಿದ್ದ. ದೊಡ್ಡಮ್ಮನಿಗೆ ಎಲ್ಲ ಗೊತ್ತಿತ್ತು ಎಂದು ಅವನ ವಕೀಲರು ಹೇಳುತ್ತಾರೆ, ನಾನು ಸುಮ್ಮನಿದ್ದರೆ ಅದೇ ನಿಜವಾಗಿ ಉಳಿಯುತ್ತದೆ ಎಂದು ಆಕೆ ತಿಳಿಸಿದಳು. ಪ್ರಮೋದನ ತಾಯಿ, ನನ್ನ ವಾರಗಿತ್ತಿ, ಅಂಗಳದಾಚೆ ಬಟ್ಟೆ ಹರವುತ್ತಾ ಇತ್ತಲೇ ನೋಡುತ್ತಿದ್ದಳು. ನೀಲಗಂಗವ್ವ ಅವಳನ್ನೂ ನೋಡಿ, ನನ್ನನ್ನೂ ನೋಡಿ, ದನಿ ತಗ್ಗಿಸಿ ಕೇಳಿದಳು:

"ಅಜ್ಜಿ, ಕೋರ್ಟಿನ್ಯಾಗ ಅವ ನಿಮ್ಮ ಎದುರಿಗೇ ನಿಂತಿರ್ತಾನ. ಅವನ ತಾಯಿನೂ ಬಂದಿರ್ತಾಳ. ಅವನ ಮಾರಿ ನೋಡಿ, 'ಬರಲಿಲ್ಲ, ಮತ್ತೆ ಒತ್ತು ಅಂದಾಂವ ಇವನೇ' ಅಂತ ಹೇಳ್ತೀರೇನ್ರಿ?"