ಬೆಂಕಿಬೆಟ್ಟದ ದಾರಿ ಕಾಯುವ ಸ್ವಾಲಾ

ಬೆಳಿಗ್ಗೆ ಆರೂ ಇಪ್ಪತ್ತು. ಆರಿದ ಲಾವಾದ ಮೇಲೆ ಬೆಳೆದ ಪಾಚಿಗೆ ಮಬ್ಬು ಬೆಳಕಿನಲ್ಲಿ ಇನ್ನೂ ಹಸಿರು ಬಂದಿಲ್ಲ. ಸ್ವಾಲಾ ದಾರಿಯ ಹದಿನಾಲ್ಕನೇ ಗೂಟವನ್ನು ಹಿಡಿದು ಅಲ್ಲಾಡಿಸುತ್ತಾರೆ. ಗಟ್ಟಿಯಾಗಿದೆ. ನಾಲ್ಕು ಹೆಜ್ಜೆ ಮುಂದೆ ಹೋದವರು ತಿರುಗಿ ಬಂದು ಮತ್ತೊಮ್ಮೆ ಅಲ್ಲಾಡಿಸುತ್ತಾರೆ. ಸೊಂಟದಲ್ಲಿ ವಿಷಾನಿಲ ಅಳೆಯುವ ಪುಟ್ಟ ಯಂತ್ರ. ಅದು ಸುಮ್ಮನಿದ್ದರೂ ಕೈ ಮತ್ತೆ ಮತ್ತೆ ಅದನ್ನೇ ಮುಟ್ಟುತ್ತದೆ.

"ಕೂತ್ಕೊಂಡು ಕಾಫಿ ಕುಡಿಯೇ ಮಾರಾಯ್ತಿ, ಬೆಟ್ಟ ಎಲ್ಲೂ ಓಡಿಹೋಗಲ್ಲ," ಎಂದು ಜೊತೆಗಾರ ಔಡುನ್ ರೇಗಿಸುತ್ತಾನೆ.

"ಬೆಟ್ಟ ಓಡಲ್ಲ ಕಣೋ, ಗಾಳಿ ಓಡುತ್ತೆ." ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಹೀರುತ್ತ ಸ್ವಾಲಾ ನಡೆಯುತ್ತಲೇ ಇರುತ್ತಾರೆ.

ಐಸ್‌ಲ್ಯಾಂಡಿನ ರಾಜಧಾನಿಯಿಂದ ಇಲ್ಲಿಗೆ ಕಾರಿನಲ್ಲಿ ಒಂದು ಗಂಟೆ. ಬೆಳಿಗ್ಗೆ ಹೊರಟವರು ಉಕ್ಕುವ ಲಾವಾ ನೋಡಿಕೊಂಡು, ಸಂಜೆಗೆ ಈಜುಕೊಳದ ಬಿಸಿನೀರಿನಲ್ಲಿ ಕೂತು ಅದರ ಕಥೆ ಹೇಳುತ್ತಿರುತ್ತಾರೆ. ರಜಾದಿನ ನಾನೂರು ಜನ ದಾಟುವುದುಂಟು. ಸ್ವಾಲಾರಿಗೆ ದಿನಕ್ಕೆ ಎರಡು ಸುತ್ತು, ಹದಿನೆಂಟು ಕಿಲೋಮೀಟರು, ಎಂಬತ್ತಾರು ಗೂಟ. ವಯಸ್ಸು ಐವತ್ತೆಂಟು. ಎಡ ಮಂಡಿ ಇಳಿಜಾರಿನಲ್ಲಿ ಕೈಕೊಡುತ್ತದೆ.

ಮೂವತ್ತೊಂದು ವರ್ಷ ಅವರು ಬಂದರಿನ ಮೀನು ಕಾರ್ಖಾನೆಯಲ್ಲಿ ಮುಳ್ಳು ತೆಗೆಯುತ್ತಿದ್ದರು. ನೆಲ ಬಿರಿದು ಊರು ಖಾಲಿಯಾದಾಗ ಕೆಲಸವೂ ಹೋಯಿತು, ಮನೆಯೂ ಹೋಯಿತು. ಈಗ ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿದ್ದಾರೆ. "ನನ್ನನ್ನ ಮನೆಯಿಂದ ಓಡಿಸಿದ್ದು ಇದೇ ಬೆಂಕಿ. ಈಗ ನಾನು ಅದರ ಬಾಗಿಲು ಕಾಯ್ತಿದೀನಿ. ನಗು ಬರಲ್ವಾ?" ಎನ್ನುತ್ತಾರೆ. ಆದರೆ ನಗುವುದಿಲ್ಲ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಮುಚ್ಚಿದ ದಾರಿಯ ಮುಂದೆ ಒಬ್ಬಾತ "ಐದೇ ನಿಮಿಷ" ಎಂದು ಅಂಗಲಾಚಿದ. ಸ್ವಾಲಾ ಬಿಟ್ಟರು. ವಿಷಾನಿಲಕ್ಕೆ ಸಿಕ್ಕಿ ಬಿದ್ದ ಆತನನ್ನು ಹೊತ್ತು ತರಬೇಕಾಯಿತು. ಆಸ್ಪತ್ರೆಯಲ್ಲಿ ಎರಡು ದಿನ ಕಣ್ಣು ಬಿಡಲಿಲ್ಲ. ಬದುಕಿದ. "ಅವತ್ತಿಂದ ನಂಗೆ ಕೂತಲ್ಲಿ ಕೂರೋಕಾಗಲ್ಲ. ಊಟಕ್ಕೆ ಕೂತ್ರೂ ಕಾಲು ಕುಣೀತಾ ಇರುತ್ತೆ. ತಂಗಿ ಬೈತಾಳೆ."

ಹತ್ತು ಗಂಟೆಯ ಹೊತ್ತಿಗೆ ಗಾಳಿ ನಿಲ್ಲುತ್ತದೆ. ಜನರಿಗೆ ಖುಷಿ, ಸ್ವಾಲಾರಿಗೆ ದಿಗಿಲು. ಗಾಳಿಯಿಲ್ಲದಾಗ ವಾಸನೆಯೇ ಇಲ್ಲದ ಭಾರದ ಅನಿಲ ತಗ್ಗುಗಳಲ್ಲಿ ನೀರಿನಂತೆ ಮಡುಗಟ್ಟುತ್ತದೆ. ಅವರು ಕೈ ಅಡ್ಡ ಹಿಡಿದು ದಾರಿ ಮುಚ್ಚುತ್ತಾರೆ. ಅರವತ್ತು ಜನರ ಗೊಣಗಾಟ ಶುರು.

ಅಷ್ಟರಲ್ಲಿ ಹ್ಯೋರ್ವಾರ್ ಎಂಬ ದಂತವೈದ್ಯನ ನಾಯಿ ಕಾಪಿ ಕೈತಪ್ಪಿಸಿಕೊಂಡು, ಹಗ್ಗ ಎಳೆದುಕೊಂಡೇ ಪಕ್ಕದ ತಗ್ಗಿಗೆ ಇಳಿಯುತ್ತದೆ. ಹತ್ತು ಹೆಜ್ಜೆ. ಕಾಲು ಮಡಚಿ ಬೀಳುತ್ತದೆ.

"ಕಾಪೀ!" ಹ್ಯೋರ್ವಾರ್ ನುಗ್ಗುತ್ತಾನೆ. ಸ್ವಾಲಾ ಅವನ ಸೊಂಟ ಹಿಡಿದು ಕೆಡವಿ, ಬೆನ್ನ ಮೇಲೆ ಕೂತುಬಿಡುತ್ತಾರೆ.

"ಬಿಡ್ರೀ! ಸಾಯ್ತಿದೆ ಅದು!"

"ನೀನು ಇಳಿದ್ರೆ ಇಬ್ರನ್ನ ಎತ್ತಬೇಕು. ಸುಮ್ನಿರು! ಔಡುನ್, ಕೊಕ್ಕೆ ಇರೋ ಗಳ ತಾ!"

ಔಡುನ್ ಉದ್ದನೆಯ ಗಳ ತಂದು ಕೊಟ್ಟು, ಹ್ಯೋರ್ವಾರ್‌ನನ್ನು ಹಿಡಿದುಕೊಳ್ಳುತ್ತಾನೆ. ಸ್ವಾಲಾ ಉಸಿರು ಬಿಗಿಹಿಡಿದು ಅಂಚಿನಲ್ಲಿ ಬೋರಲು ಮಲಗಿ ಗಳ ಚಾಚುತ್ತಾರೆ. ಯಂತ್ರ ಚೀರುತ್ತಿದೆ. ಎರಡು ಸಲ ತಪ್ಪುತ್ತದೆ. ಮೇಲೆದ್ದು, ಹಿಂದೆ ಹೋಗಿ ಉಸಿರು ತೆಗೆದುಕೊಂಡು ಮತ್ತೆ ಮಲಗುತ್ತಾರೆ. ಮೂರನೇ ಸಲ ಹಗ್ಗ ಕೊಕ್ಕೆಗೆ ಸಿಗುತ್ತದೆ. ಇಷ್ಟಿಷ್ಟೇ ಎಳೆಯುತ್ತಾರೆ.

ದಿಬ್ಬದ ಮೇಲಿನ ಶುದ್ಧ ಗಾಳಿಯಲ್ಲಿ ಕಾಪಿ ಮಲಗಿರುತ್ತದೆ. ಹ್ಯೋರ್ವಾರ್ ಅದರ ಎದೆ ತಿಕ್ಕುತ್ತಾನೆ. ಆರು ನಿಮಿಷದ ಮೇಲೆ ನಾಯಿ ಕೆಮ್ಮಿ, ವಾಂತಿ ಮಾಡಿ, ಬಾಲ ಒಮ್ಮೆ ಆಡಿಸುತ್ತದೆ. ಹ್ಯೋರ್ವಾರ್ ಮುಖ ಮುಚ್ಚಿಕೊಂಡು ಅಳುತ್ತಾನೆ. ಸ್ವಾಲಾ ಅವನ ಭುಜ ತಟ್ಟುತ್ತಾರೆ, ಅಷ್ಟೇ. ಆಗಲೇ ಹಿಂದಿನಿಂದ ಯಾರೋ, "ಬೇರೆ ದಾರಿಯಿಂದ ಹೋಗಬಹುದಾ?" ಎನ್ನುತ್ತಾರೆ.

"ಇವತ್ತು ಯಾವ ದಾರಿಯೂ ಇಲ್ಲ. ಮನೆಗೆ ಹೋಗಿ."

ಮಧ್ಯಾಹ್ನ ಗೂಟಕ್ಕೆ ಒರಗಿ ನಿಂತೇ ರೊಟ್ಟಿ, ಹೊಗೆಯಲ್ಲಿ ಒಣಗಿಸಿದ ಕುರಿಮಾಂಸ ತಿನ್ನುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ದಾರಿಯ ಮೇಲೆ ಕಣ್ಣಿಟ್ಟೇ ಹೇಳುತ್ತಾರೆ:

"ಎರಡು ವರ್ಷದಿಂದ ಇಲ್ಲಿದೀನಿ. ಲಾವಾ ಹರಿಯೋದನ್ನ ಸರಿಯಾಗಿ ನೋಡೇ ಇಲ್ಲ. ನನ್ನ ಕಣ್ಣೆಲ್ಲ ಜನರ ಮೇಲೆ, ಜನರ ಕಾಲ ಮೇಲೆ. ಒಂದಿನ ತಂಗೀನ ಕರ್ಕೊಂಡು ಎಲ್ಲರ ಹಾಗೆ ಬರಬೇಕು. ಯಾರಾದ್ರೂ 'ಅಲ್ಲಿ ಬೇಡ, ಈ ಕಡೆ ಬನ್ನಿ' ಅಂತ ನಂಗೆ ಹೇಳಬೇಕು. ನಾನು ತಕ್ಷಣ ಮಾತು ಕೇಳ್ತೀನಿ."