ಹೆಚ್ಚುಕಡಿಮೆ

ಮಂಗಳ ಗ್ರಹಕ್ಕೆ ಹೊರಡುವ ನೌಕೆಗಳ ದಾರಿ ಲೆಕ್ಕ ಹಾಕುವುದು ನನ್ನ ಉದ್ಯೋಗವಾಗಿತ್ತು. ರಾಣೆಬೆನ್ನೂರಿನಲ್ಲಿ ಇದನ್ನು ಬಗೆಬಗೆಯಾಗಿ ವಿವರಿಸಿ ಸೋತು, ಕೊನೆಗೆ ನಮ್ಮವ್ವನ ವ್ಯಾಖ್ಯಾನಕ್ಕೇ ಶರಣಾದೆ: "ಮ್ಯಾಲ ಹೋಗೋ ಗಾಡಿಗೆ ಇಂವ ಕೈ ಮಾಡ್ತಾನ."

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ಕೋಟಿಗಟ್ಟಲೆ ಮೈಲಿ ಆಚೆಯ ನೌಕೆ ಕಣ್ಣಿಗೆ ಕಾಣುವುದಿಲ್ಲ. ಅದರ ರೇಡಿಯೊ ದನಿ ನಮ್ಮನ್ನು ಮುಟ್ಟಲು ಹಿಡಿದ ಹೊತ್ತಿನಿಂದ, ಅದು ಎಲ್ಲಿದೆ ಎಂದು ತೀರ್ಮಾನಿಸಬೇಕು. ಹಾಗಾಗಿ ಯಾವ ಅಂಕಿಯನ್ನೂ ಬರಿಮೈಯಲ್ಲಿ ಬರೆಯುವಂತಿಲ್ಲ. ಪಕ್ಕದಲ್ಲಿ 'ಇಷ್ಟು ಹೆಚ್ಚುಕಡಿಮೆ' ಎಂದು ಸೇರಿಸಲೇಬೇಕು. ಸೇರಿಸದವನನ್ನು ಮೂರ್ಖನೆನ್ನುತ್ತಿದ್ದೆವು. ನಾನೇ ಹಲವರನ್ನು ಅಂದಿದ್ದೇನೆ.

ಎಂಬತ್ತರ ದಶಕದ ಕೊನೆಯಲ್ಲಿ ವಿದೇಶದ ಆ ನೌಕರಿಯಿಂದ ರಜೆಯ ಮೇಲೆ ಊರಿಗೆ ಬಂದಾಗ ತಂಗಿಯ ಮದುವೆ ಗೊತ್ತಾಗುವುದರಲ್ಲಿತ್ತು. ಹುಡುಗ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯವರ ಮಗ, ಕಾಲೇಜಿನಲ್ಲಿ ಅವಳಿಗಿಂತ ಎರಡು ವರ್ಷ ಮುಂದಿದ್ದವನು. ಅವಳಿಗೆ ಅವನೇ ಬೇಕಾಗಿತ್ತು. ಇದು ಹಿರಿಯರಾರಿಗೂ ತಿಳಿಯದು. ಜಾತಕ ತಾನಾಗಿ ಕೂಡಿಬಂತೆಂದು ಎಲ್ಲರೂ ದೇವರನ್ನು ಹೊಗಳುತ್ತಿದ್ದರು. ನನಗೆ ಮಾತ್ರ ಹೇಳಿದ್ದಳು: "ಅಣ್ಣಾ, ನೀ ಸುಮ್ನ ಕುಂತು ಚಾ ಕುಡಿ. ಅಷ್ಟ ಸಾಕು."

ಬೀಗರಾಗುವವರು ಬಂದು ಜಮಖಾನೆಯ ಮೇಲೆ ಕುಳಿತರು. ಅವರ ಅಂಗಿಗಳಿಂದ ಎದ್ದ ಮೆಣಸಿನ ಘಾಟಿಗೆ ನಮ್ಮ ಕಡೆಯವರೆಲ್ಲ ವಯಸ್ಸಿನ ಕ್ರಮದಲ್ಲಿ ಸೀನಿದೆವು. ಸೀನು ಅಪಶಕುನವೇ ಹೌದು. ಆದರೆ ಬ್ಯಾಡಗಿಯವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿದರೆ ಆ ಊರಲ್ಲಿ ಒಂದು ಮದುವೆಯೂ ಆಗದು.

"ಕುಜ ಆರನೇ ಮನ್ಯಾಗ ಅದಾನ. ದೋಷ ಇಲ್ಲ," ಎಂದರು ನಮ್ಮ ಜೋಯಿಸರು. ಕುಜ ಎಂದರೆ ಮಂಗಳನೇ. ಹುಡುಗಿಯ ಜಾತಕದಲ್ಲಿ ಅವನು ಏಳನೆಯ ಮನೆ ಹೊಕ್ಕರೆ ಗಂಡನಿಗೆ ಆಯುಷ್ಯವಿಲ್ಲವೆಂದು ನಂಬಿಕೆ.

ಹುಡುಗನ ಅಪ್ಪ ನನ್ನತ್ತ ತಿರುಗಿದರು. "ಏನ್ರಿ ಸಾಹೇಬ್ರ, ಮಂಗಳನ ಜೋಡಿನ ನಿಮ್ಮ ನೌಕರಿ ಅಂತ. ಜೋಯಿಸರ ಪಂಚಾಂಗ ಬರೋಬರಿ ಐತೇನು?"

ನಗೆಯಾಡಲು ಕೇಳಿದ ಮಾತು. ನಾನು ಚಹಾ ಕುಡಿಯಬೇಕಿತ್ತು. ಆದರೆ ಹಿಂದಿನ ದಿನವೇ, ಜೋಯಿಸರ ಪಂಚಾಂಗದಲ್ಲಿ ತಂಗಿ ಹುಟ್ಟಿದ ತಿಂಗಳ ಪುಟವನ್ನು ನನ್ನ ಗ್ರಹಕೋಷ್ಟಕಕ್ಕೆ ಹೋಲಿಸಿ ನೋಡಿ ಒಬ್ಬನೇ ನಕ್ಕಿದ್ದೆ. ಮನೆಗಳ ಗಡಿ ಎಲ್ಲಿ ಬರುತ್ತದೆಂದು ನೋಡುವ ಗೋಜಿಗೆ ಹೋಗಿರಲಿಲ್ಲ, ಅದು ಮೂಢನಂಬಿಕೆ.

ಚಹಾದ ಕಪ್ಪು-ಬಸಿ ಕೆಳಗಿಟ್ಟೆ. "ಹಳೇ ಲೆಕ್ಕದ ಪಂಚಾಂಗರಿ. ಮಂಗಳನ್ನ ಎರಡು ಡಿಗ್ರಿ ಹಿಂದ ತೋರಸ್ತೈತಿ."

ಜೋಯಿಸರು ಕನ್ನಡಕ ಏರಿಸಿ ಬೆರಳು ಮಡಿಚಿದರು. "ಎರಡು ಡಿಗ್ರಿ ಮುಂದ ಹೋದಾ ಅಂದ್ರ ಗಡಿ ದಾಟಿದ. ಏಳನೇ ಮನಿ! ನನ್ನ ಪಂಚಾಂಗದ ಮರ್ಯಾದಿ ಹೋಗ್ಲಿ ಬಿಡ್ರಿ, ವಿಜ್ಞಾನ ದೊಡ್ಡದು." ಅಷ್ಟು ಸಂತೋಷದಿಂದ ಸೋತವರನ್ನು ನಾನು ಬೇರೆ ಕಂಡಿಲ್ಲ.

ಹುಡುಗನ ಅವ್ವ ತಿಂಡಿಯ ತಟ್ಟೆಯನ್ನು ದೂರ ಸರಿಸಿದರು.

"ಇದನ್ನೆಲ್ಲ ನಂಬಬ್ಯಾಡ್ರಿ," ಎಂದೆ. "ಅದೊಂದು ಕಲ್ಲಿನ ಗುಂಡು."

"ಕಲ್ಲ ಇರ್ಲಿ ತಮ್ಮಾ. ನೀ ಹೇಳಿದಲ್ಲೆ ಐತೋ ಇಲ್ಲೋ? ಖರೇ ಹೇಳು," ಎಂದರು ಹುಡುಗನ ಅವ್ವ.

ನಮ್ಮಪ್ಪ ನನ್ನ ಮೊಣಕೈ ಹಿಡಿದರು. "ಏನರ ಹೆಚ್ಚುಕಡಿಮಿ ಇರಬಹುದಲ್ಲೋ?"

ಇರಬಹುದು ಎಂದರೆ ಮುಗಿಯುತ್ತಿತ್ತು. ಆ ಮಾತನ್ನೇ ಬರೆದು ಅನ್ನ ತಿಂದವನು ನಾನು. ತಂಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಕಣ್ಣಲ್ಲೇ ಬೇಡುತ್ತಿದ್ದಳು. ಜೋಯಿಸರು ನಗುತ್ತಿದ್ದರು. ನಾನು ನೋಡಿದ್ದು ಆ ನಗೆಯನ್ನು.

"ಇಲ್ಲ. ನನ್ನ ಲೆಕ್ಕ ತಪ್ಪೂದಿಲ್ಲ."

ಬ್ಯಾಡಗಿಯವರು ಊಟಕ್ಕೆ ನಿಲ್ಲಲಿಲ್ಲ. ಅವರಿಗೆಂದು ಮಾಡಿದ ಹೋಳಿಗೆಯನ್ನು ನಾವೇ ತಿಂದೆವು. ಚೆನ್ನಾಗಿತ್ತು.

ಮರುವರ್ಷ ತಂಗಿಯನ್ನು ಹಾವೇರಿಯ ಒಬ್ಬ ವಿಧುರನಿಗೆ ಕೊಟ್ಟರು. ನಮ್ಮ ಚಿಗವ್ವ ಎಲ್ಲರಿಗೂ ಸಮಾಧಾನ ಹೇಳಿದಳು: "ಆತನ ಜಾತಕದಾಗೂ ಕುಜ ಅದಾನ. ಮೊದಲನೇ ಹೇಣ್ತೀನ ತಿಂದು ಹೊಟ್ಟಿ ತುಂಬೇತಿ. ಇಕೀಗೇನೂ ಮಾಡೂದಿಲ್ಲ." ತರ್ಕದಲ್ಲಿ ದೋಷವಿರಲಿಲ್ಲ.

ಕೆಲವು ವರ್ಷಗಳ ಮೇಲೆ ನಾವು ಕಳಿಸಿದ ನೌಕೆಯೊಂದು ಮಂಗಳನ ಹೊಸ್ತಿಲಿಗೆ ಹೋಗಿ ಮೌನವಾಯಿತು. ಅದೇ ವರ್ಷ ಹಾವೇರಿಗೆ ಹೋಗಿದ್ದೆ. ತಂಗಿ ಗೋಡೆಯಿಂದ ಮೊದಲನೆಯವಳ ಫೋಟೊ ಇಳಿಸಿ, ಗಾಜು ಒರೆಸುತ್ತಿದ್ದಳು.

"ನಿನ್ನ ಗಾಡಿ ಮಂಗಳಕ್ಕ ಮುಟ್ಟಿತೇನಣ್ಣಾ?"

"ಇಲ್ಲವ್ವಾ. ಹತ್ರ ಹೋಗಿ ದನಿ ನಿಂತಹೋತು."

"ದಾರಿಯೊಳಗ ಏನರ ಹೆಚ್ಚುಕಡಿಮಿ ಆತೇನು?"

"ದಾರಿ ಬರೋಬರಿ ಇತ್ತು. ಕೂದಲೆಳಿಯಷ್ಟೂ ತಪ್ಪಿರಲಿಲ್ಲ."

"ಹೌದಲ್ಲ, ನಿನ್ನ ಲೆಕ್ಕ ತಪ್ಪೂದಿಲ್ಲ," ಎಂದು ಫೋಟೊವನ್ನು ಮೊಳೆಗೆ ತೂಗುಹಾಕಿ, ಸೊಟ್ಟಗಿದೆಯೇನೋ ಎಂದು ದೂರ ನಿಂತು ನೋಡಿದಳು. ಆಮೇಲೆ ಒಳಗೆ ಹೋಗಿ ಚಹಾ ತಂದು ನನ್ನ ಮುಂದಿಟ್ಟಳು.

"ಸುಮ್ನ ಕುಂತು ಕುಡಿ."

ಸಕ್ಕರೆ ಹಾಕಿರಲಿಲ್ಲ. ಪೂರ್ತಿ ಕುಡಿದೆ.