ದೊಡ್ಡಮ್ಮ ಬಿಡಿಸಿದ ಬೆಕ್ಕು

ಕಾಸರಕೋಡಿನಲ್ಲಿ ನಮ್ಮ ಜೊತೆಗಿದ್ದ ದೊಡ್ಡಮ್ಮನಿಗೆ ಬೆಕ್ಕು ಕಂಡರಾಗದು. ಅಂಗಳದಲ್ಲಿ ಮೀನು ಒಣಹಾಕಿ ಕೋಲು ಹಿಡಿದು ಕಾಯುವವಳು ಅವಳು. ಆದರೆ ಟೀವಿ ಕಾರ್ಟೂನಿನ ಬೆಕ್ಕೆಂದರೆ ಪ್ರಾಣ. ಅದು ಹಡಗಿನ ಕ್ಯಾಪ್ಟನ್. ಜೊತೆಗೊಂದು ಅಂಜುಬುರುಕ ಇಲಿ. ಹಿಂದಿ ಮಾತು ಅವಳಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ನಾನು ಹೇಳುತ್ತಿದ್ದೆ.

ಒಂದು ಮಳೆಗಾಲ ತೆಂಗಿನಮರ ಬಿದ್ದು ಕೇರಿಯ ಕೇಬಲ್ ತುಂಡಾಯಿತು. ಬೆಕ್ಕು ಕಡಲ್ಗಳ್ಳರ ಕೈಗೆ ಸಿಕ್ಕಿದ ವಾರವೇ! ಬೋಟುಗಳೆಲ್ಲ ದಡ ಸೇರಿ ಮೀನಿನ ಕೆಲಸವೂ ಇಲ್ಲದ ದಿನಗಳು. ದೊಡ್ಡಮ್ಮನಿಗೆ ಕೂತರೂ ನಿಂತರೂ ಅದೇ ಚಿಂತೆ.

"ಅದ್ಕೆ ಎಂತ ಆಯ್ತೇನ!"

ಕಾಲೇಜಿಗೆಂದು ನಾನು ದಿನಾ ಕುಮಟೆಗೆ ಹೋಗುತ್ತಿದ್ದೆ. ಅಲ್ಲಿನ ಪುಸ್ತಕದಂಗಡಿಯಲ್ಲಿ ಅದೇ ಬೆಕ್ಕು ಮುಖಪುಟದ ಮೇಲೆ ಕಂಡಿತು. ಕಾರ್ಟೂನಿನ ಕಥೆಯನ್ನೇ ಇಂಗ್ಲಿಷಿನಲ್ಲಿ ಕಾಮಿಕ್ಸ್ ಮಾಡಿ ತಿಂಗಳಿಗೊಂದು ಬಿಡುತ್ತಿದ್ದರು. ಕೊಂಡು ತಂದು ಜಗಲಿಯಲ್ಲಿ ಕೂತು ಕನ್ನಡ ಮಾಡಿ ಓದತೊಡಗಿದೆ.

"ಅದ್ರ ಸ್ವರ ಹಂಗಲ್ಲ. ದಪ್ಪ ಮಾಡು," ಎಂದಳು ದೊಡ್ಡಮ್ಮ.

ದಪ್ಪ ಮಾಡಿದೆ. ನನ್ನ ಗರ್ಜನೆ ಕೇಳಿ ಆಚೀಚೆ ಮನೆಯವರೂ ಬಂದು ಕೂತರು. ಕೊನೆಯ ಪುಟದಲ್ಲಿ ಬೆಕ್ಕನ್ನು ಹಡಗಿನ ಕಂಬಕ್ಕೆ ಕಟ್ಟಿದ್ದರು. ಕೆಳಗೆ, 'ಉಳಿದದ್ದು ಮುಂದಿನ ಸಂಚಿಕೆಯಲ್ಲಿ'.

"ತಿಂಗಳಿಡೀ ಕಟ್ಟೇ ಇಡೂದಾ?" ದೊಡ್ಡಮ್ಮ ಸಿಟ್ಟಾದಳು. "ಆತು, ನಾನೇ ಬಿಡಿಸ್ತೆ."

ಬಿಡಿಸಿಯೂ ಬಿಟ್ಟಳು. ಇಲಿ ಹಗ್ಗ ಕಡಿಯಿತು. ಬೆಕ್ಕು ಹಡಗನ್ನು ನಮ್ಮ ಅಳಿವೆಯತ್ತ ತಿರುಗಿಸಿತು. ಮರಳದಿಬ್ಬಕ್ಕೆ ಹಡಗು ಕಚ್ಚಿಕೊಂಡಾಗ ಕೇರಿಯ ಹೆಂಗಸರೆಲ್ಲ ಮೀನುಬುಟ್ಟಿ ಬೀಸಿಕೊಂಡು ಹೋಗಿ ಕಳ್ಳರನ್ನು ಹಿಡಿದರು. ಯಾರು ಯಾವ ಕಳ್ಳನಿಗೆ ಹೊಡೆದರೆಂದು ಅಲ್ಲಿ ಕೂತಿದ್ದವರ ಹೆಸರು ಹಿಡಿದೇ ಹೇಳಿದಳು. ಹೊಡೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಂದಿನ ಸಂಚಿಕೆಯಲ್ಲಿ ಎಲ್ಲಿಂದಲೋ ತಿಮಿಂಗಿಲ ಬಂದು ಬೆಕ್ಕನ್ನು ಪಾರುಮಾಡಿತು. ಓದಿ ಮುಗಿಸಿದೆ.

"ಇದೆಂತ ಕಥೆ!" ಎಂದಳು ಪಕ್ಕದ ಮನೆಯಾಕೆ. "ನಂಗೆ ಒಂದು ಪೆಟ್ಟು ಹಾಕೂಕೂ ಬಿಡ್ಲಿಲ್ಲ."

ಅಷ್ಟರಲ್ಲಿ ಕೇಬಲ್ ಸರಿಯಾಗಿತ್ತು. ಆದರೂ ಕಾರ್ಟೂನ್ ಮುಗಿದದ್ದೇ ಹೆಂಗಸರು ನಮ್ಮ ಜಗಲಿಗೆ ಬರತೊಡಗಿದರು. ಟೀವಿಯವರು ಹೇಳಿದ್ದಾಯಿತು, ಇನ್ನು ನಿಜವಾಗಿ ನಡೆದದ್ದೇನೆಂದು ದೊಡ್ಡಮ್ಮ ಹೇಳಬೇಕಿತ್ತು.